ಬಿಸಿನೀರಿಗೂ ಕೆಂಪಾಗದ ಕೂಸು

ಚೊಂಬಿನ ಮೊದಲ ನೀರು ತಮ್ಮ ಮೊಣಕಾಲಿಗೇ. ಬಿಸಿ ಹದವಾಗಿದೆ ಎಂದು ಚರ್ಮಕ್ಕೆ ಗೊತ್ತಾದ ಮೇಲೆ ಮುನಿವೆಂಕಟಮ್ಮ ಕೂಸಿನ ಬೆನ್ನಿಗೆ ಸುರಿಯುತ್ತಾರೆ. ಎಣ್ಣೆ ತಿಕ್ಕಿದ್ದಾಗಿದೆ, ಕೈಕಾಲು ನೀವಿದ್ದಾಗಿದೆ, ಬಟ್ಟಲಿನಲ್ಲಿ ಕಲಸಿಟ್ಟಿದ್ದ ಹಳದಿ ಹಿಟ್ಟು ಅರ್ಧ ಮುಗಿದಿದೆ. ಅವರು ತಗ್ಗು ಮಣೆಯ ಮೇಲೆ ಕುಳಿತು ಕಾಲು ಚಾಚಿದ್ದಾರೆ. ಕಾಲುಗಳ ಮೇಲೆ ತಿಂಗಳು ತುಂಬಿದ ಹೆಣ್ಣುಕೂಸು ಬೋರಲಾಗಿ ಮಲಗಿದೆ. ಹಂಡೆಯ ಒಲೆಯಲ್ಲಿ ನೀಲಗಿರಿ ಸೌದೆ ಉರಿಯುತ್ತಿದೆ. ಬಚ್ಚಲಿಗೆಲ್ಲ ಅದೊಂದೇ ಬೆಳಕು, ಜೊತೆಗೆ ಮಸಿ ಹಿಡಿದ ಒಂದು ಬಲ್ಬು. ಹೊರಗೆ ಮಾಕಳಿ ಬೆಟ್ಟದ ಕಡೆ ಈಗಷ್ಟೇ ಬೆಳಗಾಗುತ್ತಿದೆ.

"ಅಳವ್ವ, ಗಟ್ಟಿಯಾಗಿ ಅಳು. ನಿಮ್ಮಪ್ಪ ಪಿಲ್ಲಗುಂಪೆ ಫ್ಯಾಕ್ಟ್ರೀಲಿ ಕೇಳುಸ್ಕೊಂಡು ಓಡ್ಬರ್ಬೇಕು, ಹಂಗೆ ಅಳು."

ಕೂಸು ಒಮ್ಮೆ ಕುಯ್‌ಗುಟ್ಟಿ ಸುಮ್ಮನಾಗುತ್ತದೆ. ಬಾಗಿಲಲ್ಲಿ ಹಳೇ ಸೀರೆಯ ಮೆತ್ತನೆ ತುಂಡು ಹಿಡಿದು ನಿಂತ ಅಜ್ಜಿ ಭಾಗ್ಯಮ್ಮನಿಗೆ ಅದೂ ಹೆಮ್ಮೆಯೇ. "ನೋಡಕ್ಕ, ಎಷ್ಟು ಒಳ್ಳೇ ಮಗು. ಬಣ್ಣ ನೋಡು, ದಿನದಿಂದ ದಿನಕ್ಕೆ ತಿಳಿಯಾಗ್ತಾವಳೆ. ನಮ್ಮನೇಲಿ ಈ ಬಣ್ಣ ಯಾರಿಗೈತೆ? ಅಳಿಯಂದ್ರ ಮನೇಲೂ ಇಲ್ಲ. ಎಲ್ಲಾ ನಿನ್ನ ಕೈಗುಣ."

ಮುನಿವೆಂಕಟಮ್ಮ ಬೇಡವೆನ್ನುವುದಿಲ್ಲ. ಕೂಸಿನ ತಲೆಯ ಸುತ್ತ ಕೊನೆಯ ನೀರು ಇಳಿಸಿ, ಚೊಂಬು ಬೋರಲು ಹಾಕಿ, ಕೂಸನ್ನು ಭಾಗ್ಯಮ್ಮನ ಕೈಗಿಡುತ್ತಾರೆ. "ಸಾಂಬ್ರಾಣಿ ಹೊಗೆ ಕಮ್ಮಿ ಹಾಕು, ಕೆಮ್ಮು ಬರ್ತೈತೆ. ಬಾಣಂತೀನ ಕಳ್ಸು."

ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯದ ತನಕ, ರಸ್ತೆಯ ಎರಡೂ ಬದಿಯ ಹಳ್ಳಿಗಳಲ್ಲಿ ಮುನಿವೆಂಕಟಮ್ಮನ ಕೈಯಲ್ಲಿ ನೀರು ಹಾಕಿಸಿಕೊಂಡು ಬೆಳೆದವರು ಈಗ ಬೈಕು ಓಡಿಸುತ್ತಾರೆ, ಪಂಚಾಯ್ತಿಗೆ ನಿಲ್ಲುತ್ತಾರೆ, ಕೆಲವರು ತಮ್ಮ ಮಕ್ಕಳನ್ನೂ ಇವರ ಕಾಲ ಮೇಲೆ ಮಲಗಿಸುತ್ತಾರೆ. ಈ ಕೆಲಸ ಅತ್ತೆಯಿಂದ ಬಂದದ್ದು. ಅತ್ತೆ ಎರೆಯುವಾಗ ನೀರು ಎತ್ತಿಕೊಡಲು ಹೋಗುತ್ತಿದ್ದ ಸೊಸೆ, ಒಂದು ದಿನ ಅತ್ತೆಯ ಸೊಂಟ ಹಿಡಿದುಕೊಂಡಾಗ ತಾನೇ ಮಣೆಯ ಮೇಲೆ ಕುಳಿತಳು. ಅಂದಿನಿಂದ ಎದ್ದಿಲ್ಲ. ದಿನಕ್ಕೆ ಎರಡು ಮನೆ, ಕೆಲವೊಮ್ಮೆ ಮೂರು. ಬೆಳಗಿನ ಬಿಸಿಲು ಏರುವುದರೊಳಗೆ ಎಲ್ಲ ಮುಗಿಯಬೇಕು. ಬಾಣಂತನ ಮುಗಿದ ದಿನ ಮಡಿಲಿಗೊಂದು ಸೀರೆ, ಎಲೆ ಅಡಿಕೆ, ಮನೆಯವರ ಮನಸ್ಸಿದ್ದಷ್ಟು ಕೈಗೆ.

ಮಂಡಿ ಸವೆದಿದೆ. ಎದ್ದು ನಿಲ್ಲುವಾಗ ಬಚ್ಚಲ ಗೋಡೆ ಹಿಡಿಯಬೇಕು. ಹೊಗೆಯಲ್ಲಿ ಕುಳಿತೂ ಕುಳಿತೂ ಕಣ್ಣು ಸದಾ ಕೆಂಪು. ಸದಾ ನೀರಲ್ಲಿರುವ ಕೈ ಬೆರಳು ಚಳಿಗಾಲದಲ್ಲಿ ಸೀಳುತ್ತವೆ. ಇದನ್ನೆಲ್ಲ ಅವರು ನಗುತ್ತಲೇ ಹೇಳುತ್ತಾರೆ. ಗಂಡ ರಾಮಾಂಜಿನಪ್ಪನ ದೂರೇ ಬೇರೆ. ಹಸುವಿಗೆ ಹುಲ್ಲು ಹಾಕುತ್ತ, ಹೆಂಡತಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳುತ್ತಾರೆ. "ಇಡೀ ತಾಲ್ಲೂಕಿನ ಮಕ್ಕಳಿಗೆ ಎರೀತಾಳೆ. ನನ್ನ ಬೆನ್ನು ಒಂಚೂರು ಉಜ್ಜೇ ಅಂದ್ರೆ ಕೈ ನೋವಂತೆ."

"ನಿಮ್ಮ ಬೆನ್ನು ಉಜ್ಜಿದ್ರೆ ಬೆಳ್ಳಗಾಯ್ತದಾ? ಸುಮ್ಕೆ ಹಿಟ್ಟು ದಂಡ," ಎನ್ನುತ್ತಾರೆ ಮುನಿವೆಂಕಟಮ್ಮ.

ಕಾಲಕ್ಕೆ ತಕ್ಕಂತೆ ಬದಲಾಗಿಲ್ಲವೆಂದಲ್ಲ. ಮೂಗಿಗೆ, ಕಿವಿಗೆ ಎಣ್ಣೆ ಹಾಕಬಾರದು ಎಂದು ನರ್ಸಮ್ಮ ಹೇಳಿದ ದಿನದಿಂದ ಹಾಕಿಲ್ಲ. ಹೊಕ್ಕಳು ಒಣಗುವ ತನಕ ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ, ನೀರು ಹುಯ್ಯುವುದಿಲ್ಲ. ದೇವನಹಳ್ಳಿ ಕಡೆಯ ದೊಡ್ಡ ಅಪಾರ್ಟ್‌ಮೆಂಟಿನಿಂದಲೂ ಒಮ್ಮೆ ಕಾರು ಕಳಿಸಿ ಕರೆಸಿಕೊಂಡಿದ್ದರು. "ಅಲ್ಲಿ ಹಂಡೇನೂ ಇಲ್ಲ, ಒಲೇನೂ ಇಲ್ಲ. ಗೋಡೇಲಿರೋ ನಲ್ಲಿ ತಿರುವಿದ್ರೆ ಬಿಸಿನೀರು. ಕೂಸಿಗೆ ಅಂತ ದೋಣಿಯಂಥ ಒಂದು ಟಬ್ಬು ಇಟ್ಟವ್ರೆ, ಮೀನಿನ ಚಿತ್ರ ಬೇರೆ. ನಾನು ಎಲ್ಲಿ ಕೂತ್ಕೊಳ್ಲಿ ಅಂದ್ರೆ ಸ್ಟೂಲು ತಂದ್ಕೊಟ್ರು. ಸ್ಟೂಲ್ ಮೇಲೆ ಕೂತ್ಕೊಂಡು ಕಾಲು ಚಾಚಿದ್ರೆ ಕೂಸು ಎಲ್ಲಿಗೆ ಹೋಗ್ತೈತೆ ಹೇಳಿ, ಜಾರುಬಂಡೆ."

ಕೂಸಿನ ನಂತರ ಬಾಣಂತಿಯ ಸರದಿ. ಬಾಗಿಲು ಹಾಕಿ, ಎಣ್ಣೆ ತಿಕ್ಕಿ, ಸೊಂಟಕ್ಕೆ ಸುಡುವ ನೀರು ಹುಯ್ಯುವ ಆ ಹೊತ್ತಿನಲ್ಲಿ ಹೆಣ್ಣುಮಕ್ಕಳು ಎಷ್ಟೋ ಸಲ ಕಾರಣ ಹೇಳದೆ ಅಳುತ್ತಾರೆ. ಹೆತ್ತಮ್ಮನ ಎದುರು ಅಳದವರು, ಗಂಡನಿಗೆ ಫೋನಿನಲ್ಲಿ ಚೆನ್ನಾಗಿದ್ದೀನಿ ಎಂದವರು. ಮುನಿವೆಂಕಟಮ್ಮ ಏನಾಯಿತೆಂದು ಕೇಳುವುದಿಲ್ಲ. "ನೀರು ಸುರೀತಾ ಇದ್ರೆ ಅತ್ತಿದ್ದು ಯಾರಿಗೂ ಗೊತ್ತಾಗಲ್ಲ. ನಾನು ಇನ್ನೊಂದು ಚೊಂಬು ಜಾಸ್ತಿ ಹುಯ್ತೀನಿ, ಅಷ್ಟೆ."

ಆದರೆ ಅವರಿಗೆ ಹೆಸರು ತಂದುಕೊಟ್ಟದ್ದು ಈ ಯಾವುದೂ ಅಲ್ಲ. ಹೆಸರು ಬಂದದ್ದು ಆ ಹಳದಿ ಹಿಟ್ಟಿನಿಂದ. ಕಡಲೆಹಿಟ್ಟು, ಕಸ್ತೂರಿ ಅರಿಶಿನ, ತೇದ ಬಾದಾಮಿ, ಹಾಲಿನ ಕೆನೆ, ಉಳ್ಳವರ ಮನೆಯಾದರೆ ಎರಡೆಸಳು ಕೇಸರಿ. ಊರವರ ಬಾಯಲ್ಲಿ ಅದು 'ಬಣ್ಣದ ಹಿಟ್ಟು'. ಮುನಿವೆಂಕಟಮ್ಮ ಎರೆದರೆ ಮಗು ಬೆಳ್ಳಗಾಗುತ್ತದೆ ಎಂಬ ಮಾತು ಅವರಿಗಿಂತ ಮುಂಚೆ ಹಳ್ಳಿಗಳನ್ನು ಮುಟ್ಟುತ್ತದೆ. ಹೆಣ್ಣು ಮಗುವಾದರಂತೂ ಹೆರಿಗೆಯಾದ ದಿನವೇ ಹೇಳಿ ಕಳಿಸುತ್ತಾರೆ. "ನನ್ನನ್ನೇ ನೋಡಿ," ಎಂದು ಅವರು ತಮ್ಮ ಕಪ್ಪು ತೋಳು ಮುಂದೆ ಚಾಚುತ್ತಾರೆ. "ಹಂಚಿನ ಥರ ಇದ್ದೀನಿ. ಇಷ್ಟು ವರ್ಷ ಆ ಹಿಟ್ಟಲ್ಲೇ ಕೈ ಅದ್ದಿದ್ದೀನಿ. ನೀನ್ಯಾಕೆ ಬೆಳ್ಳಗಾಗಿಲ್ಲ ಅಂತ ಒಬ್ಬರಾದ್ರೂ ಕೇಳ್ಬೇಕಲ್ಲ?"

ಭಾಗ್ಯಮ್ಮನ ಮಗಳು ನವ್ಯಶ್ರೀಗೆ ಇದು ಎರಡನೆಯ ಹೆರಿಗೆ. ಮೊದಲ ಮಗಳು ಸಿಂಚನ ಲಾಕ್‌ಡೌನಿನಲ್ಲಿ ಹುಟ್ಟಿದವಳು, ಅಪ್ಪ ಮುರಳಿಯ ಎಣ್ಣೆಗೆಂಪು ಬಣ್ಣ, ಅಮ್ಮನ ಕಣ್ಣು. ಎರಡನೆಯದು ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಹುಟ್ಟಿತು. ನವ್ಯಶ್ರೀಯ ರಕ್ತದ ಗುಂಪು ನೆಗೆಟಿವ್, ತೊಂದರೆಯಾಗಬಹುದು ಎಂದು ಮೊದಲೇ ಹೇಳಿದ್ದರು. ಹುಟ್ಟಿದ ದಿನವೇ ಕೂಸು ಹಳದಿ ತಿರುಗಿತು. ನೀಲಿ ದೀಪದ ಕೆಳಗೆ ಮಲಗಿಸಿದರು, ರಕ್ತ ಬದಲಿಸಿದರು, ಹಳದಿ ಇಳಿದ ಮೇಲೆ ಮನೆಗೆ ಕಳಿಸಿದರು. ಕಳಿಸುವಾಗ ಒಂದು ಮಾತು ಹೇಳಿದ್ದರು. ಎರಡು ತಿಂಗಳು ಪ್ರತಿ ವಾರ ಬಂದು ರಕ್ತ ಪರೀಕ್ಷೆ ಮಾಡಿಸಬೇಕು.

ಮೊದಲೆರಡು ವಾರ ಹೋದರು. ಪುಟ್ಟ ಹಿಮ್ಮಡಿಗೆ ಸೂಜಿ ಚುಚ್ಚಿದ್ದನ್ನು ನೋಡಿ ಭಾಗ್ಯಮ್ಮ ಬರುವ ದಾರಿಯುದ್ದಕ್ಕೂ ಅತ್ತರು. ಮೂರನೆಯ ವಾರದ ಹೊತ್ತಿಗೆ ಕೂಸಿನ ಬಣ್ಣ ತಿಳಿಯಾಗತೊಡಗಿತ್ತು. ನೋಡಲು ಬಂದವರೆಲ್ಲ ಹೊಗಳುವವರೇ. ಇಷ್ಟು ಲಕ್ಷಣವಾಗಿರುವ ಮಗುವಿಗೆ ಇನ್ಯಾಕೆ ಸೂಜಿ ಎಂದು ಭಾಗ್ಯಮ್ಮ ಅಂದರು. ಭಾನುವಾರ ಬರುವ ಮುರಳಿಗೂ ಹೌದೆನಿಸಿತು. ನವ್ಯಶ್ರೀ ಏನೂ ಅನ್ನಲಿಲ್ಲ. ಆ ವಾರ ಹೋಗಲಿಲ್ಲ, ಅದರ ಮುಂದಿನ ವಾರವೂ ಹೋಗಲಿಲ್ಲ.

ಬಚ್ಚಲ ಬಾಗಿಲಲ್ಲಿ ನಿಂತು ಭಾಗ್ಯಮ್ಮ ಕೈಗುಣ ಹೊಗಳಿದ ಮರುದಿನ ಬೆಳಗ್ಗೆ ಆ ಮನೆಯ ಹಂಡೆ ಸೋರುತ್ತಿದೆ. ಒಲೆ ಆರಿ ಬಚ್ಚಲೆಲ್ಲ ಬೂದಿ ಕೆಸರು. ಭಾಗ್ಯಮ್ಮನ ಗಂಡ ಕೆಂಪರಾಜು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿಕೊಡುತ್ತಾರೆ. ಅಷ್ಟರಲ್ಲಿ ಬಿಸಿಲು ಬಂದಿದೆ. ಗಾಳಿ ಬೀಸದಂತೆ ಎರಡು ಸೀರೆ ಅಡ್ಡ ಕಟ್ಟಿ, ದಾಳಿಂಬೆ ಗಿಡದ ಪಕ್ಕ ಮಣೆ ಹಾಕಿಕೊಂಡು ಮುನಿವೆಂಕಟಮ್ಮ ಕಾಲು ಚಾಚುತ್ತಾರೆ. ಈ ಕೂಸನ್ನು ಅವರು ಹಗಲ ಬೆಳಕಿನಲ್ಲಿ ಮೈಬಿಚ್ಚಿ ನೋಡುತ್ತಿರುವುದು ಇದೇ ಮೊದಲು.

ಎಣ್ಣೆ ಹಚ್ಚಿ ಎರಡು ಸಲ ಕೈಯಾಡಿಸುತ್ತಾರೆ. ನೀರು ಹುಯ್ಯುತ್ತಾರೆ. ಮತ್ತೆ ಹುಯ್ಯುತ್ತಾರೆ.

ಬಿಸಿನೀರು ಬಿದ್ದ ಕೂಡಲೇ ಕೂಸು ಕೆಂಪಾಗಬೇಕು. ಎಷ್ಟೇ ಕಪ್ಪು ಮಗುವಾಗಲಿ, ಅಂಗೈ ಅಂಗಾಲು ಮಾಗಿದ ಟೊಮೇಟೊ ಆಗಬೇಕು, ಕಿವಿಯ ತುದಿ ರಂಗೇರಬೇಕು. ಈ ಕೂಸು ಬೇಯಿಸಿ ಸಿಪ್ಪೆ ಸುಲಿದ ಆಲೂಗಡ್ಡೆಯ ಹಾಗೆ ಇದ್ದದ್ದು ಇದ್ದ ಹಾಗೇ ಇದೆ. ಮುನಿವೆಂಕಟಮ್ಮ ಅಂಗಾಲನ್ನು ಹೆಬ್ಬೆರಳಿನಿಂದ ಉಜ್ಜುತ್ತಾರೆ. ತುಟಿ ಸರಿಸಿ ಒಸಡು ನೋಡುತ್ತಾರೆ. ಕೂಸು ಪ್ರತಿಭಟಿಸುವುದಿಲ್ಲ. ಅದು ಒಳ್ಳೇ ಮಗುವಾಗಿ ಸುಮ್ಮನಿದ್ದದ್ದಲ್ಲ, ಅಳುವ ಶಕ್ತಿಯಿಲ್ಲದೆ ಸುಮ್ಮನಿದ್ದದ್ದು ಎಂಬುದು ಅವರಿಗೆ ಆಗ ಹೊಳೆಯುತ್ತದೆ.

ಪಕ್ಕದಲ್ಲಿ ಬಟ್ಟಲು ಇದೆ. ಭಾಗ್ಯಮ್ಮನೇ ಇವತ್ತು ಕೆನೆ ಹೆಚ್ಚು ಹಾಕಿ ಕಲಸಿದ್ದಾರೆ. ಮುನಿವೆಂಕಟಮ್ಮ ಅದರ ಕಡೆ ಕೈ ಚಾಚುವುದಿಲ್ಲ. ಎರಡು ವಾರದಿಂದ ಈ ಬಣ್ಣದ ಹೊಗಳಿಕೆಯನ್ನು ಎಲೆ ಅಡಿಕೆಯಂತೆ ಬಾಯಿ ತುಂಬ ಹಾಕಿಕೊಂಡವರು ತಾವೇ. ಈಗ ಅದನ್ನು ಉಗಿಯಬೇಕು.

"ಭಾಗ್ಯ, ಬಾ ಇಲ್ಲಿ. ನವ್ಯಾನೂ ಕರಿ."

ಕೂಸನ್ನು ಬಟ್ಟೆಯಲ್ಲಿ ಸುತ್ತಿ ಎದೆಗವುಚಿಕೊಂಡೇ ಕೇಳುತ್ತಾರೆ. "ಹಾಲು ಕುಡಿಯೋವಾಗ ಬೆವರ್ತಾಳಾ?"

ನವ್ಯಶ್ರೀ ತಾಯಿಯ ಮುಖ ನೋಡಿ ಹೇಳುತ್ತಾಳೆ. "ಹೂಂ ಅಜ್ಜಿ. ಒಂದೆರಡು ಗುಟುಕು ಕುಡಿದು ಸುಸ್ತಾಗಿ ಮಲಗಿಬಿಡ್ತಾಳೆ. ಸೆಕೆಗೆ ಅಂದ್ರು ಅಮ್ಮ."

"ಈ ಚಳೀಲಿ ಏನು ಸೆಕೆ? ಭಾಗ್ಯ, ಇದು ಬಣ್ಣ ಅಲ್ಲ ಕಣೆ. ಕೂಸಿನ ಮೈಯಾಗೆ ರಕ್ತ ಇಲ್ಲ."

ಭಾಗ್ಯಮ್ಮನಿಗೆ ಸಿಟ್ಟು ಬರುತ್ತದೆ. "ಏನಕ್ಕ ಹಿಂಗಂತೀಯ? ನಿನ್ನೆ ತನಕ ನಿನ್ನ ಹಿಟ್ಟಿನ ಗುಣ ಅಂದ್ರೆ ಹೂಂ ಅಂತಿದ್ದೆ. ಇವತ್ತು ರಕ್ತ ಇಲ್ಲ ಅಂತೀಯ. ಮಗು ಹಾಲಿನಂಗೆ ಐತೆ."

"ಅದೇ ಹೇಳ್ತಿರೋದು. ಮಗು ಹಾಲಿನಂಗೆ ಇರಬಾರ್ದು. ಹಾಲು ಕುಡೀಬೇಕು, ಹಾಲಿನಂಗೆ ಇರಬಾರ್ದು. ಇಲ್ನೋಡು ಅಂಗಾಲು. ನಾನು ತಿಕ್ಕಿದ್ರೂ ಕೆಂಪಾಗ್ತಿಲ್ಲ. ನಾನು ತಪ್ಪು ಅಂದ್ರೆ ಸಂತೋಷ, ಡಾಕ್ಟ್ರು ಬೈದು ಕಳಿಸ್ಲಿ, ಬೈಸ್ಕೊಂಡು ಬರ್ತೀನಿ. ಯಾವತ್ತು ಹೋಗ್ಬೇಕಿತ್ತು ರಕ್ತ ತೋರ್ಸೋಕೆ?"

ನವ್ಯಶ್ರೀ ಒಳಗೆ ಹೋಗಿ ಚೀಲಕ್ಕೆ ಬಟ್ಟೆ ತುಂಬುತ್ತಾಳೆ. ಕೆಂಪರಾಜು ತೋಟದ ಸೊಪ್ಪು ಮಾರುಕಟ್ಟೆಗೆ ಸಾಗಿಸುವ ಸಣ್ಣ ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸುತ್ತಾರೆ. ಸಿಂಚನಳನ್ನು ನೋಡಿಕೊಳ್ಳಲು ಭಾಗ್ಯಮ್ಮ ಉಳಿಯುತ್ತಾರೆ. ಒದ್ದೆ ಸೆರಗನ್ನು ಹಿಂಡಿಕೊಂಡು ಮುನಿವೆಂಕಟಮ್ಮನೇ ಕೂಸಿನೊಡನೆ ಮುಂದಿನ ಸೀಟು ಹತ್ತುತ್ತಾರೆ. ಗಾಡಿಯಲ್ಲೆಲ್ಲ ಕೊತ್ತಂಬರಿ ವಾಸನೆ. ನವ್ಯಶ್ರೀ ದಾರಿಯಲ್ಲಿ ಒಂದೇ ಒಂದು ಸಲ ಬಾಯಿ ತೆರೆಯುತ್ತಾಳೆ. "ಉಸಿರಾಡ್ತಾವಳಾ ಅಜ್ಜಿ?"

"ಆಡ್ತಾವಳೆ. ನೀನೂ ಆಡು."

ಬೆಂಗಳೂರಿನ ಅದೇ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರ್ ಹರಿಪ್ರಸಾದ್ ಕೂಸಿನ ರೆಪ್ಪೆ ಕೆಳಕ್ಕೆಳೆದು ನೋಡಿ, ರಕ್ತ ಪರೀಕ್ಷೆಗೆ ಕಳಿಸುತ್ತಾರೆ. ಫಲಿತಾಂಶ ಬಂದಾಗ ಇರಬೇಕಾದ ರಕ್ತದಲ್ಲಿ ಅರ್ಧದಷ್ಟೂ ಇಲ್ಲ. ಹೃದಯ ದಡಬಡನೆ ಓಡುತ್ತಿದೆ. ಕೂಡಲೇ ರಕ್ತ ಕೊಡಬೇಕು. ಇನ್ನು ಕೆಲವು ದಿನ ಬಿಟ್ಟಿದ್ದರೆ ಕೂಸಿನ ಎದೆ ಆ ಓಟವನ್ನು ತಾಳುತ್ತಿರಲಿಲ್ಲ ಎನ್ನುತ್ತಾರೆ ಅವರು. ಧ್ವನಿ ಏರಿಸುವುದಿಲ್ಲ. ಆದ್ದರಿಂದಲೇ ಕೆಂಪರಾಜು ತಲೆ ತಗ್ಗಿಸಿ ನಿಲ್ಲುತ್ತಾರೆ.

"ಹಳದಿ ಹೋಗಿತ್ತಲ್ಲ ಡಾಕ್ಟ್ರೇ, ಗುಣ ಆಯ್ತು ಅಂದ್ಕೊಂಡ್ವಿ," ಎನ್ನುತ್ತಾಳೆ ನವ್ಯಶ್ರೀ.

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು ವಿವರಿಸುತ್ತಾರೆ. ನವ್ಯಶ್ರೀಯ ರಕ್ತಕಣಗಳಲ್ಲಿ ಇಲ್ಲದ ಒಂದು ಗುರುತು ಮುರಳಿಯ ರಕ್ತದಲ್ಲಿದೆ. ಮಕ್ಕಳಿಗೆ ಅಪ್ಪನಿಂದ ಅದು ಬಂದಿದೆ. ಸಿಂಚನ ಹುಟ್ಟುವಾಗ ಅವಳ ರಕ್ತದ ಕೆಲವು ಹನಿ ತಾಯಿಯ ಮೈಗೆ ಸೇರಿತು. ಇದು ನಮ್ಮದಲ್ಲ, ಹೊರಗಿನದು ಎಂದು ತಾಯಿಯ ಮೈ ಅದನ್ನು ಗುರುತಿಟ್ಟುಕೊಂಡು, ಎದುರಿಸಲು ಪ್ರತಿಕಾಯಗಳನ್ನು ತಯಾರಿಸಿಟ್ಟಿತು. ಮೊದಲ ಹೆರಿಗೆಯಾದ ಮೂರು ದಿನದೊಳಗೆ ಒಂದು ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅದು ತಯಾರಾಗುವುದೇ ಇಲ್ಲ. ನವ್ಯಶ್ರೀಗೆ ನೆನಪಿದೆ. ಲಾಕ್‌ಡೌನಿನ ಆ ದಿನ ಔಷಧಿ ಮುಗಿದಿದೆ, ನಾಳೆ ಬನ್ನಿ ಎಂದಿದ್ದರು. ಮರುದಿನ ರಸ್ತೆಗೆ ಅಡ್ಡ ಹಾಕಿದ್ದರು. ಅದರ ಮರುದಿನ ಮನೆಯಲ್ಲಿ ಯಾರಿಗೂ ಅದರ ನೆನಪಿರಲಿಲ್ಲ. ಎರಡನೆಯ ಕೂಸು ಹೊಟ್ಟೆಯಲ್ಲಿದ್ದಾಗ ಆ ಪ್ರತಿಕಾಯಗಳು ಕರುಳುಬಳ್ಳಿಯ ದಾರಿಯಲ್ಲಿ ಕೂಸಿನ ಮೈ ಸೇರಿ, ಅದರ ಕೆಂಪು ರಕ್ತಕಣಗಳನ್ನು ಒಡೆಯತೊಡಗಿದವು. ಒಡೆದ ಕಣಗಳಿಂದಲೇ ಆ ಹಳದಿ.

"ಹಳದಿ ಹೋದ ಮಾತ್ರಕ್ಕೆ ಅವು ಹೋಗಲ್ಲಮ್ಮ. ಮದುವೆ ಮುಗಿದ ಮೇಲೂ ಕೆಲವು ನೆಂಟರು ಹೊರಡಲ್ಲ ನೋಡಿ, ಹಂಗೆ. ವಾರಗಟ್ಟಲೆ ಇರ್ತವೆ, ಕಣಗಳನ್ನು ಒಡೀತಾನೇ ಇರ್ತವೆ. ಅದಕ್ಕೇ ಪ್ರತಿ ವಾರ ಬನ್ನಿ ಅಂದಿದ್ದು."

ನೆಂಟರ ಮಾತಿಗೆ ಮುನಿವೆಂಕಟಮ್ಮನೊಬ್ಬರೇ ನಗುತ್ತಾರೆ. ನವ್ಯಶ್ರೀಯ ಮುಖ ಇಳಿದುಹೋಗಿದೆ. "ಹಂಗಾದ್ರೆ ನನ್ನ ರಕ್ತಾನೇ ಅವಳನ್ನ ತಿಂತಿದೆ. ಹಾಲು ಕೊಡೋದು ನಿಲ್ಲಿಸ್ಲಾ?"

"ಬೇಡವೇ ಬೇಡ. ನಿಮ್ಮ ಹಾಲಿಂದ ಏನೂ ಆಗಲ್ಲ, ಧಾರಾಳವಾಗಿ ಕುಡಿಸಿ. ಇನ್ನೊಂದು ವಿಷಯ ಕೇಳಿ. ಈಗ ಮಗುವಿಗೆ ಯಾವ ರಕ್ತ ಕೊಡ್ತೀವಿ ಗೊತ್ತಾ? ನಿಮ್ಮ ಗುಂಪಿನದೇ. ಓ ನೆಗೆಟಿವ್. ಅದರಲ್ಲಿ ಆ ಗುರುತು ಇಲ್ವಲ್ಲ, ಆ ನೆಂಟರು ಅದನ್ನ ಮುಟ್ಟಲ್ಲ. ನಿಮ್ಮ ಮೈಯಿಂದಲೇ ತೆಗೆಯೋ ಹಾಗಿಲ್ಲ, ಬಾಣಂತಿ ನೀವು. ರಕ್ತನಿಧಿಯಲ್ಲಿ ಇದೆ, ತರಿಸಿದೀನಿ."

ನವ್ಯಶ್ರೀ ಅದನ್ನು ತನ್ನೊಳಗೇ ಎರಡು ಸಲ ಹೇಳಿಕೊಳ್ಳುತ್ತಾಳೆ. ನನ್ನ ಗುಂಪಿನದೇ.

ಮೊದಲು ಗಮನಿಸಿದ್ದು ಯಾರು ಎಂದು ಡಾಕ್ಟರು ಕೇಳಿದಾಗ ನವ್ಯಶ್ರೀ ಮುನಿವೆಂಕಟಮ್ಮನ ಕಡೆ ತೋರಿಸುತ್ತಾಳೆ. "ಒಳ್ಳೇದಾಯ್ತು ಕರ್ಕೊಂಡು ಬಂದಿದ್ದು," ಎನ್ನುವ ಡಾಕ್ಟರು, ಕೂಸಿನ ಕಂಕುಳ ಸಂದಿಯಲ್ಲಿ ಹಿಂದಿನ ದಿನದಿಂದ ಉಳಿದಿದ್ದ ಹಳದಿ ಪುಡಿಯನ್ನು ಹತ್ತಿಯಿಂದ ಒರೆಸಿ ತೋರಿಸುತ್ತಾರೆ. "ಆದ್ರೆ ಇದು ಬೇಡಮ್ಮ. ಅರಿಶಿನ ಬಳಿದ್ರೆ ಕಾಮಾಲೆಯೂ ಕಾಣಲ್ಲ, ರಕ್ತ ಕಮ್ಮಿ ಆಗಿದ್ದೂ ಕಾಣಲ್ಲ. ಮಗುವಿನ ಬಣ್ಣ ನಮಗೆ ಕಾಣಬೇಕು."

"ಆಯ್ತು ಸ್ವಾಮಿ," ಎನ್ನುತ್ತಾರೆ ಮುನಿವೆಂಕಟಮ್ಮ. ಆ ಹತ್ತಿಯ ಉಂಡೆ ಕಸದ ಡಬ್ಬಿಗೆ ಬೀಳುವುದನ್ನೇ ನೋಡುತ್ತಾರೆ.

ಮಧ್ಯಾಹ್ನವೆಲ್ಲ ಹನಿ ಹನಿಯಾಗಿ ರಕ್ತ ಇಳಿಯುತ್ತದೆ. ಹೊರಗೆ ಬೆಂಚಿನ ಮೇಲೆ ನವ್ಯಶ್ರೀ ಅಜ್ಜಿಯ ಪಕ್ಕ ಕುಳಿತಿದ್ದಾಳೆ. ಇಲ್ಲಿ ನೀರಿಲ್ಲ, ಹೊಗೆಯಿಲ್ಲ, ಅಳುವುದನ್ನು ಮುಚ್ಚಲು ಏನೂ ಇಲ್ಲ.

"ಅಜ್ಜಿ, ನಾನೂ ಖುಷಿ ಪಟ್ಟಿದ್ದೆ."

"ಯಾತಕ್ಕೆ?"

"ಅವಳು ಬೆಳ್ಳಗಾದ್ಲು ಅಂತ. ಚಿಕ್ಕವಳಿದ್ದಾಗ ನನ್ನನ್ನ ಕರಿಯವ್ವ ಅಂತಿದ್ರು ಎಲ್ಲಾ. ಮದ್ವೆ ಫೋಟೋದಲ್ಲಿ ಎಷ್ಟು ಪೌಡರ್ ಮೆತ್ತಿದ್ರು ನೋಡಿದೀರಲ್ಲ. ಸಿಂಚನಾ ಹುಟ್ಟಿದಾಗ ಅತ್ತೆ ಮನೇಲಿ ಮೊದಲು ಕೇಳಿದ್ದೇ ಬಣ್ಣ. ಇವಳಾದ್ರೂ ತಪ್ಪಿಸ್ಕೊಂಡ್ಲು ಅಂದ್ಕೊಂಡೆ. ಪರೀಕ್ಷೆಗೆ ಹೋಗೋಣ ಅಂತ ನಂಗೆ ಒಳಗೊಳಗೇ ಅನ್ನಿಸ್ತಿತ್ತು ಅಜ್ಜಿ. ಆದ್ರೆ ಇಷ್ಟು ಚೆನ್ನಾಗಿರೋದನ್ನ ಯಾರಾದ್ರೂ ಕಾಯಿಲೆ ಅಂತ ಹೇಳಿಬಿಟ್ರೆ ಅಂತ ಸುಮ್ಮನಾದೆ."

ಮುನಿವೆಂಕಟಮ್ಮ ಅವಳ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಎಣ್ಣೆ ತಿಕ್ಕುವಾಗಿನಂತೆ ಬೆರಳುಗಳನ್ನು ಒಂದೊಂದಾಗಿ ನೀವುತ್ತಾರೆ. "ನಾನೂ ಖುಷಿ ಪಟ್ಟಿದ್ದೆ ಕಣವ್ವ. ನನ್ನ ಹಿಟ್ಟು ಅಂತ."

ಇಬ್ಬರಿಗೂ ನಗು ಬರುತ್ತದೆ. ನವ್ಯಶ್ರೀಗೆ ನಗುವಿನ ಜೊತೆ ಮೂಗೂ ಸೋರುತ್ತದೆ, ಅಜ್ಜಿಯ ಒದ್ದೆ ಸೆರಗಿನಲ್ಲೇ ಒರೆಸಿಕೊಳ್ಳುತ್ತಾಳೆ.

ಮೊದಲು ಕೆಂಪಾಗುವುದು ಕಿವಿ. ಗಾಜಿನ ಕಿಟಕಿಗೆ ಮೂಗು ಒತ್ತಿ ನಿಂತಿದ್ದ ಮುನಿವೆಂಕಟಮ್ಮ ಅದನ್ನು ನೋಡುತ್ತಾರೆ. ಆಮೇಲೆ ತುಟಿ. ಆಮೇಲೆ ಬಿಗಿಹಿಡಿದ ಮುಷ್ಟಿ. ಸಂಜೆಯ ಹೊತ್ತಿಗೆ ಕೂಸು ಹಸಿವಾಗಿ ಕಿರುಚುತ್ತದೆ. ವಾರ್ಡಿನ ಉಳಿದ ಕೂಸುಗಳೂ ದನಿಗೂಡಿಸುತ್ತವೆ, ನರ್ಸು ಗದರುತ್ತಾಳೆ. ಫ್ಯಾಕ್ಟರಿಯಿಂದ ಯೂನಿಫಾರ್ಮಿನಲ್ಲೇ ಓಡಿಬಂದ ಮುರಳಿ ಏನಾಯಿತೋ ಎಂದು ಗಾಬರಿಯಾಗಿ ನಿಲ್ಲುತ್ತಾನೆ.

"ಏನಿಲ್ಲಪ್ಪ," ಎನ್ನುತ್ತಾರೆ ಮುನಿವೆಂಕಟಮ್ಮ. "ನಿನ್ನ ಮಗಳು ಬೈತಾವಳೆ. ಎಷ್ಟು ಚೆನ್ನಾಗಿ ಬೈತಾಳೆ ಕೇಳು."

ಮನೆಗೆ ಬಂದ ಕೂಸು ಈಗ ಅಪ್ಪನ ಬಣ್ಣದಲ್ಲಿದೆ, ಅಕ್ಕನ ಪಕ್ಕ ಮಲಗಿಸಿದರೆ ಒಂದೇ ಅಚ್ಚು. ಭಾಗ್ಯಮ್ಮ ಅದನ್ನು ಅಲ್ಲಿ ಇಲ್ಲಿ ಮುಟ್ಟಿ ನೋಡುತ್ತಾರೆ, ಅಂಗಾಲು ತಿಕ್ಕಿ ಕೆಂಪಾಗುವುದನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ತಡೆಯಲಾರದೆ, "ಮತ್ತೆ ಅವರಪ್ಪನ ಬಣ್ಣಕ್ಕೇ ಬಂದ್ಲಲ್ಲಕ್ಕ," ಎನ್ನುತ್ತಾರೆ.

"ಬಂದ್ಲಲ್ಲ ಭಾಗ್ಯ, ಅದನ್ನ ನೋಡು."

ವಾರವಾರದ ಪರೀಕ್ಷೆಗೆ ಈಗ ಭಾಗ್ಯಮ್ಮನೇ ಮೊದಲು ಸೀರೆ ಉಟ್ಟು ಕೂರುತ್ತಾರೆ. ಸೂಜಿ ಚುಚ್ಚುವಾಗ ಮಾತ್ರ ಆಚೆ ತಿರುಗುತ್ತಾರೆ. ರಕ್ತ ಮತ್ತೆ ಅಷ್ಟು ಕೆಳಗಿಳಿದಿಲ್ಲ. ನೆಂಟರು ಒಬ್ಬೊಬ್ಬರಾಗಿ ಹೊರಡುತ್ತಿದ್ದಾರೆ ಎಂದು ಡಾಕ್ಟರು ಹೇಳಿದ್ದನ್ನು ನವ್ಯಶ್ರೀ ಬಚ್ಚಲಲ್ಲಿ ಅಜ್ಜಿಗೆ ವರದಿ ಮಾಡುತ್ತಾಳೆ.

ಆದರೆ ಊರ ಬಾಯಿ ಆಸ್ಪತ್ರೆಯ ತನಕ ಹೋಗಿಲ್ಲ. ಅದು ಹೊತ್ತು ತಿರುಗುತ್ತಿರುವುದು ಅದಕ್ಕೂ ಹಿಂದಿನ ಕಥೆಯನ್ನು. ಘಾಟಿಯ ರಸ್ತೆಯ ಅಮ್ಮಯಮ್ಮ ತಮ್ಮ ಸೊಸೆಯ ಬಾಣಂತನಕ್ಕೆ ಕರೆಯಲು ಬಂದಾಗ ಅಂದದ್ದೇ ಅದು. "ಭಾಗ್ಯಮ್ಮನ ಮೊಮ್ಮಗಳಿಗೆ ಹಚ್ಚಿದ್ಯಲ್ಲ, ಅದೇ ಹಿಟ್ಟು ಹಚ್ಬೇಕು. ಮಗು ನೋಡೋಕೆ ಹೋಗಿದ್ದೋರು ಹೇಳಿದ್ರು, ಬೆಣ್ಣೆ ಮುದ್ದೆ ಆಗಿತ್ತಂತೆ. ನಮ್ಮದೂ ಹೆಣ್ಣೇ. ಒಂಚೂರು ನಮ್ಮನೆಯವ್ರ ಕಡೆ ಬಣ್ಣ."

"ಅಮ್ಮಯಮ್ಮ, ಆ ಬಣ್ಣ ನನ್ನ ಹಿಟ್ಟಿಂದಲ್ಲ ಕಣಮ್ಮ. ಆ ಮಗೂಗೆ ರಕ್ತ ಇರ್ಲಿಲ್ಲ. ಆಸ್ಪತ್ರೆಗೆ ಹಾಕಿದ್ರು."

ಅಮ್ಮಯಮ್ಮ ಗಹಗಹಿಸಿ ನಗುತ್ತಾರೆ. "ನಮ್ಮನೇಲಿ ಮಾಡೋಕೆ ಮನಸ್ಸಿಲ್ದಿದ್ರೆ ಇಲ್ಲ ಅನ್ನು. ಸುಳ್ಳು ಯಾಕೆ ಹೇಳ್ತೀಯ? ಕೇಸರಿ ಬೇಕಾ, ತರುಸ್ತೀನಿ."

ಮರುದಿನ ಬೆಳಗ್ಗೆ ಅಮ್ಮಯಮ್ಮನ ಮನೆಯ ಬಚ್ಚಲ ಮೆಟ್ಟಿಲ ಮೇಲೆ ಬಟ್ಟಲು ತಯಾರಾಗಿ ಕುಳಿತಿದೆ. ಕೇಸರಿ ನಿಜವಾಗಿಯೂ ಬಂದಿದೆ, ಬೇಕಾದ್ದಕ್ಕಿಂತ ಹೆಚ್ಚೇ. ಮುನಿವೆಂಕಟಮ್ಮ ಬಚ್ಚಲ ಕಿಟಕಿಗೆ ಮುಚ್ಚಿದ್ದ ರಟ್ಟನ್ನು ತೆಗೆಸುತ್ತಾರೆ. ಬಿಸಿಲು ಒಳಗೆ ಬಂದ ಮೇಲೆ ಬಾಗಿಲು ಎಳೆದುಕೊಂಡು, ಕೂಸನ್ನು ಕಾಲ ಮೇಲೆ ಹಾಕಿಕೊಳ್ಳುತ್ತಾರೆ. ಎಣ್ಣೆ, ಆಮೇಲೆ ಒಂದು ಚಿಟಿಕೆ ಹೆಸರುಹಿಟ್ಟು, ಆಮೇಲೆ ನೀರು. ಕೂಸು ಒಂದೇ ಚೊಂಬಿಗೆ ತಲೆಯಿಂದ ಕಾಲತನಕ ಕೆಂಪಾಗಿ, ಓಣಿಗೆಲ್ಲ ಕೇಳುವಂತೆ ಅರಚುತ್ತದೆ. ಅಂಗಾಲು, ಅಂಗೈ, ಒಸಡು, ಕಿವಿ. ಎಲ್ಲ ನೋಡಿ ಆದ ಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲಾಚೆ ಕೊಡುತ್ತಾರೆ.

ಬಟ್ಟಲು ಹಾಗೇ ಇದೆ.

ಬಾಣಂತಿ ಒಳಗೆ ಬರುತ್ತಾಳೆ. ಸಣ್ಣ ಹುಡುಗಿ, ಇಡೀ ರಾತ್ರಿ ನಿದ್ದೆಯಿಲ್ಲದ ಕಣ್ಣು. ಬಸುರಿನಲ್ಲಿ ಊದಿದ ಪಾದ ಇನ್ನೂ ಇಳಿದಿಲ್ಲ, ಹಿಮ್ಮಡಿ ಒಡೆದು ಬಿರುಕು ಬಿಟ್ಟಿದೆ. ಮುನಿವೆಂಕಟಮ್ಮ ಅವಳನ್ನು ಮಣೆಯ ಮೇಲೆ ಕೂರಿಸಿ, ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಬಾದಾಮಿ, ಕೆನೆ, ಕೇಸರಿ. ಬೆನ್ನಿಗೆ ಹಚ್ಚುತ್ತಾರೆ, ಕತ್ತಿನ ಹಿಂದೆ ಹಚ್ಚುತ್ತಾರೆ, ಎರಡೂ ಹಿಮ್ಮಡಿಯ ಬಿರುಕಿಗೆ ಹೆಬ್ಬೆರಳಿನಿಂದ ತುಂಬುತ್ತಾರೆ.

"ಎಷ್ಟು ಹಿತವಾಗೈತೆ ಅಜ್ಜಿ," ಎಂದು ಹುಡುಗಿ ಕಣ್ಣು ಮುಚ್ಚುತ್ತಾಳೆ. "ಏನಿದು?"

"ಬಾಣಂತೀರಿಗೆ ಹಚ್ಚೋದು. ಕಾಲು ಚಾಚು."

ಇನ್ನು ಎಲ್ಲ ಮನೆಗಳಲ್ಲೂ ಹೀಗೇ. ಅಜ್ಜಿಯರು ಎಷ್ಟು ಬೇಕಾದರೂ ಕಲಸಿಡಲಿ, ಬಾಗಿಲು ಹಾಕಿದ ಮೇಲೆ ಅದು ಹೆತ್ತವಳ ಮೈಗೆ. ಹುಡುಗಿಯ ಕಾಲಿಗೆ ಬಿಸಿನೀರು ಹುಯ್ಯುತ್ತ ಮುನಿವೆಂಕಟಮ್ಮ ಮನಸ್ಸಿನಲ್ಲೇ ತೀರ್ಮಾನಿಸಿಬಿಡುತ್ತಾರೆ. ಭಾಗ್ಯಮ್ಮನಿಗೆ ಹೇಳುವುದಿಲ್ಲ, ನವ್ಯಶ್ರೀಗೆ ಹೇಳುವುದಿಲ್ಲ, ರಾಮಾಂಜಿನಪ್ಪನಿಗಂತೂ ಇಲ್ಲವೇ ಇಲ್ಲ.

ಹೊರಗೆ ಬಂದಾಗ ಅಮ್ಮಯಮ್ಮ ಖಾಲಿ ಬಟ್ಟಲನ್ನು ನೋಡಿ ಸಂತೋಷಪಡುತ್ತಾರೆ. ಕೂಸನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿ, ಹೇಳುತ್ತಾರೆ. "ಒಂದೇ ದಿನಕ್ಕೆ ಒಂಚೂರು ತಿಳಿಯಾಗೈತೆ, ಅಲ್ವಾ?"

ಮುನಿವೆಂಕಟಮ್ಮ ತಟ್ಟೆಯಲ್ಲಿದ್ದ ಎಲೆ ಅಡಿಕೆಯನ್ನು ಮಡಿಚಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಬಾಯಿ ತುಂಬಿದ್ದರೆ ಉತ್ತರ ಕೊಡಬೇಕಾಗಿಲ್ಲ.